ಏಳಬಾರದ ಕುರ್ಚಿ

ದುರ್ಗದಬೈಲಿನ ಅರ್ಜುನಪ್ಪನ ಸೀರೆ ಅಂಗಡಿಯಲ್ಲಿ ಕಂಪ್ಯೂಟರ್ ನಿಂತದ್ದು ಲಗ್ನದ ಹಂಗಾಮಿನಲ್ಲಿ, ಒಳಗೆ ಕಾಲಿಡಲು ಜಾಗವಿಲ್ಲದಂಥ ಒಂದು ಮಧ್ಯಾಹ್ನ. ಕೆಳಗಿನ ಮೂರೂ ಕೌಂಟರ್‌ಗಳ ಪರದೆಗಳು ಒಮ್ಮೆಗೇ ಕಲ್ಲಾದವು. ಬಿಲ್ ಹೊಡೆಯುವವರು ಬಟನ್ ಕುಟ್ಟಿದರು, ಪರದೆಯ ನೆತ್ತಿಗೆ ಬಡಿದರು, ಕೊನೆಗೆ ಕೈಕಟ್ಟಿ ನಿಂತರು. ನವಲಗುಂದದಿಂದ ಜವಳಿ ತೆಗೆಯಲು ಬಂದಿದ್ದ ಬೀಗರ ತಂಡವೊಂದು ಆರಿಸಿಟ್ಟ ಸೀರೆಗಳನ್ನೆಲ್ಲ ಅಲ್ಲೇ ಬಿಟ್ಟು ಎದುರಿನ ಅಂಗಡಿ ಹೊಕ್ಕಿತು. ಆ ಅಂಗಡಿಯವನು ಬಾಗಿಲಿಗೆ ಬಂದು ನಗುತ್ತ ಅವರಿಗೆ ಕೈಮುಗಿದದ್ದು ಅರ್ಜುನಪ್ಪನ ಕಣ್ಣಿಗೆ ಬಿತ್ತು. ಅವತ್ತು ಯಾರೋ ಒಬ್ಬರ ತಲೆ ಉರುಳುವುದು ಆಗಲೇ ಗೊತ್ತಾಗಿತ್ತು. ಯಾರದು ಎಂಬುದಷ್ಟೇ ಬಾಕಿ.

ಫೋನ್ ಹೋದೊಡನೆ ವಿದ್ಯಾನಗರದಿಂದ ವಿನೋದ ಓಡಿ ಬಂದ. ಪ್ರೋಗ್ರಾಮ್ ಬರೆದವನು ಅವನೇ. ಇಂಜಿನಿಯರಿಂಗ್ ಮುಗಿಸಿ ಒಂದು ಕೋಣೆ ಬಾಡಿಗೆ ಹಿಡಿದು, ಹುಬ್ಬಳ್ಳಿಯ ವ್ಯಾಪಾರಸ್ಥರ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಎಂಬ ತಂತ್ರಾಂಶ ಹಚ್ಚಿಕೊಡುವ ಧಂದೆ ಸುರುಮಾಡಿದ್ದ. ೨೦೦೧ರ ಮಾತು. ಲಿನಕ್ಸ್ ಪುಕ್ಕಟೆ ಸಿಗುತ್ತದೆ ಎಂದರೆ ಸಾಕು, ನಮ್ಮ ಸಾವಕಾರರ ಕಿವಿ ನೆಟ್ಟಗಾಗುತ್ತಿದ್ದವು.

ಅರ್ಜುನಪ್ಪನಲ್ಲಿ ಅವನು ಮಾಡಿದ್ದ ಏರ್ಪಾಡು ಇಷ್ಟೇ. ಕೆಳಗೆ ಗಿರಾಕಿ ಸೀರೆ ಒಪ್ಪಿದರೆ ಕೌಂಟರ್‌ನ ಪ್ರೋಗ್ರಾಮ್ ಅದರ ನಂಬರನ್ನು ಮೇಲಿನ ಗೋದಾಮಿನ ಪ್ರೋಗ್ರಾಮ್‌ಗೆ ಕಳಿಸುತ್ತದೆ. ಮೇಲೆ ಹುಲಿಗೆವ್ವ ಪರದೆ ನೋಡಿ ನಂಬರ್ ಕೂಗುತ್ತಾಳೆ, ಹಮಾಲ ಹನುಮಪ್ಪ ಸೀರೆ ಹುಡುಕಿ ಕೆಳಗೆ ಇಳಿಸುತ್ತಾನೆ, ಹುಲಿಗೆವ್ವ ಬಟನ್ ಒತ್ತಿ ‘ಸಿಕ್ಕಿತು’ ಎಂದು ಉತ್ತರ ಕಳಿಸುತ್ತಾಳೆ. ಉತ್ತರ ಬಂದ ಮೇಲೆಯೇ ಕೌಂಟರ್ ಮುಂದಿನ ಬಿಲ್ಲಿಗೆ ಹೋಗುವುದು. ಬರದಿದ್ದರೆ ಕಾಯುವುದು. ಎಷ್ಟು ಹೊತ್ತು ಕಾಯಬೇಕೆಂದು ವಿನೋದ ಅದಕ್ಕೆ ಹೇಳಿಕೊಟ್ಟಿರಲಿಲ್ಲ.

ಅವನು ಕೌಂಟರ್ ಮುಂದೆ ಕೂತು, ನಿಂತ ಪ್ರೋಗ್ರಾಮ್ ಒಳಗೇನು ಮಾಡುತ್ತಿದೆಯೆಂದು ತೋರಿಸುವ ಆಜ್ಞೆ ಕೊಟ್ಟ. ಸಾಲುಗಳು ಸರಸರ ಬರಲಿಲ್ಲ. ಒಂದೇ ಒಂದು ಸಾಲು ಬಂದು ನಿಂತಿತು: ಓದು ಎಂಬ ಕರೆ, ಅದರ ಮುಂದೆ ತೆರೆದ ಕಂಸ, ಮುಚ್ಚುವ ಕಂಸವಿಲ್ಲ. ಓದಲು ಕೂತದ್ದಕ್ಕೆ ಇನ್ನೂ ಏನೂ ಸಿಕ್ಕಿಲ್ಲವೆಂದರ್ಥ. ಉಳಿದೆರಡು ಕೌಂಟರ್‌ಗಳಲ್ಲೂ ಅದೇ. ಮೂರೂ ಕೌಂಟರ್‌ಗಳು ಮೇಲಿನ ಉತ್ತರಕ್ಕೆ ಬಾಯಿ ತೆರೆದು ಕೂತಿದ್ದವು. ಮೇಲೆ ಹೋಗಿ ನೋಡಿದರೆ ಗೋದಾಮಿನ ಪ್ರೋಗ್ರಾಮ್ ಆರಾಮಾಗಿತ್ತು, ಹುಲಿಗೆವ್ವನ ಕುರ್ಚಿ ಖಾಲಿಯಿತ್ತು.

ಅಲ್ಲೇ ಅವನಿಗೆ ಎಲ್ಲ ತಿಳಿಯಿತು. ತನ್ನ ಕೋಣೆಯಲ್ಲಿ ಪರೀಕ್ಷೆ ಮಾಡುವಾಗ ಎಡಗೈಯಿಂದ ಕೌಂಟರ್ ಆಗಿ ಕೇಳಿ, ಬಲಗೈಯಿಂದ ಗೋದಾಮು ಆಗಿ ಉತ್ತರ ಕೊಟ್ಟಿದ್ದ. ಎರಡೂ ಕೈ ಅವನವೇ. ಮೇಲೆ ಕೂಡುವವರಿಗೆ ಬಾಯಾರಿಕೆ ಇರುತ್ತದೆ, ಒಂದಕ್ಕೆ ಹೋಗಬೇಕಾಗುತ್ತದೆ ಎಂಬುದು ಆ ಜಾಣನಿಗೆ ಹೊಳೆದೇ ಇರಲಿಲ್ಲ. ತಪ್ಪು ಅವನದು, ಬೇರೆ ಯಾರದೂ ಅಲ್ಲ. ಸರಿಪಡಿಸುವುದೂ ದೊಡ್ಡ ಕೆಲಸವಲ್ಲ, ಒಂದು ಚಹಾ ಆರುವಷ್ಟರಲ್ಲಿ ಮುಗಿಯುವಂಥದು.

ಆದರೆ ಮರುವಾರ ಅಮರಗೋಳದ ಮಾರ್ಕೆಟ್ಟಿನ ದಲಾಲರು ಈ ಮಷಿನ್ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ವಿನೋದನ ಬದುಕು ಹಳಿ ಹತ್ತುತ್ತಿತ್ತು. ಅಂಥ ಹೊತ್ತಿನಲ್ಲಿ ಸಾವಕಾರನ ಮುಂದೆ ‘ನನ್ನದು ತಪ್ಪಾತ್ರಿ’ ಎನ್ನುವುದೇ? ಮೆಟ್ಟಿಲು ಇಳಿಯುವಷ್ಟರಲ್ಲಿ ಅವನು ಅಡ್ಡಗೋಡೆಯ ಮೇಲೆ ದೀಪ ಇಡಲು ತಯಾರಾಗಿದ್ದ.

“ಏನಾತ್ರಿ ಇಂಜಿನಿಯರ್ ಸಾಹೇಬ್ರ? ಮಷಿನ್ ಕೆಟ್ಟೈತೋ, ಮಂದಿ ಕೆಟ್ಟಾರೋ?” ಅರ್ಜುನಪ್ಪ ಗಿರಾಕಿಗಳ ಎದುರೇ ಕೇಳಿದ.

“ಮಷಿನ್ ಛಲೋ ಐತ್ರಿ. ಮ್ಯಾಲಿಂದ ಉತ್ತರ ಬಂದಿಲ್ಲ, ಅದಕ್ಕ ನಿಂತೈತ್ರಿ.”

“ಉತ್ತರ ಯಾರು ಕೊಡಬೇಕಾಗಿತ್ತು?”

“ಗೋದಾಮಿನ್ಯಾಗ ಕುಂದ್ರವ್ರು.”

“ಕುಂತಿದ್ರೇನು?”

“ಇದ್ದಿದ್ದಿಲ್ರಿ.”

ಒಂದಕ್ಷರ ಸುಳ್ಳಿಲ್ಲ ನೋಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವರು ಸುಳ್ಳು ಹೇಳಲೇಬೇಕೆಂದೇನೂ ಇಲ್ಲ.

ಹುಲಿಗೆವ್ವ ಅದೇ ಆಗ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಿಂಬಾಗಿಲಿನಿಂದ ಬಂದಳು. ಹೆಂಗಸರ ಪಾಯಖಾನೆ ಹಿಂದಿನ ಓಣಿಯಲ್ಲಿತ್ತು. ಅದರ ಕೀಲಿ ಪಕ್ಕದ ಪಾತ್ರೆ-ಭಾಂಡೆ ಅಂಗಡಿಯವನ ಹತ್ತಿರ, ಅವನು ಪುರುಸೊತ್ತಾದಾಗ ಕೊಡುತ್ತಿದ್ದ, ಅವತ್ತು ಬಹಳ ಹೊತ್ತು ಕಾಯಿಸಿದ್ದ.

“ಎಲ್ಲಿ ಹೋಗಿದ್ದಿ, ಹುಲಿಗಿ?”

“ಹಿಂದ ಹೋಗಿದ್ನಿರಿ, ಸಾವಕಾರ್ರ.”

ಕೌಂಟರ್‌ನವರು ಕಿಸಕ್ಕೆಂದರು. ಅರ್ಜುನಪ್ಪ ನಗಲಿಲ್ಲ. “ಇವತ್ತಿಂದ ಮುಂಜಾನಿ ಕುಂತ್ರ ರಾತ್ರಿ ಶಟರ್ ಎಳದ ಮ್ಯಾಲ ಏಳಬೇಕು. ಉಣ್ಣೂದೂ ಅಲ್ಲೇ. ನಡುವ ಎದ್ದಿ ಅಂದ್ರ ಹಂಗ ಮನಿಗೆ ನಡಿ, ತಿರುಗಿ ಬರಬ್ಯಾಡ.”

ಹುಲಿಗೆವ್ವನಿಗೆ ಆ ಕುರ್ಚಿ ಬೇಕಾಗಿತ್ತು. ಅದಕ್ಕೂ ಮೊದಲು ವರ್ಷಗಟ್ಟಲೆ ಇದೇ ಅಂಗಡಿಯಲ್ಲಿ ನಿಂತು ನಿಂತು ಸೀರೆ ಮಡಚಿ ಕಾಲಿನ ನರಗಳು ಹಗ್ಗದಂತೆ ಉಬ್ಬಿದ್ದವು. ಎಸ್ಸೆಸ್ಸೆಲ್ಸಿ ಪಾಸಾಗಿದ್ದಕ್ಕೆ ಅರ್ಜುನಪ್ಪ ಮೇಲೆ ಕೂರಿಸಿದ್ದ. ಮೊದಲ ದಿನ ಆಕೆ ಕುರ್ಚಿಗೆ ಅರಿಷಿಣ ಕುಂಕುಮ ಹಚ್ಚಿ ಕೂತಿದ್ದಳು. ಇದು ಹೋದರೆ ದುರ್ಗದಬೈಲಿನಲ್ಲಿ ಆಕೆಯನ್ನು ಕೂರಿಸಿ ಕೆಲಸ ಕೊಡುವವರು ಇನ್ನೊಬ್ಬರಿರಲಿಲ್ಲ. ಮತ್ತೆ ನಿಲ್ಲಬೇಕು, ನಿಲ್ಲಲು ಕಾಲಿಲ್ಲ.

ವಿನೋದ ಮೇಲೆ ಬಂದಾಗ ಆಕೆ ಮೆಲ್ಲಗೆ ಕೇಳಿದಳು: “ತಮ್ಮಾ, ನಾ ಒಂಚೂರು ಎದ್ರೂ ನಿಂದ್ರದಂಗ ಮಾಡಾಕ ಬರೂದಿಲ್ಲೇನು? ಏಳೂಮುಂದ ಒಂದು ಬಟನ್ ಒತ್ತಿ ಹೋಗ್ತೇನಿ, ಬಂದು ಇನ್ನೊಂದು ಒತ್ತತೇನಿ.”

ಅವನು ಮಾಡಬೇಕಾಗಿದ್ದದ್ದು ಹೆಚ್ಚುಕಡಿಮೆ ಅದನ್ನೇ. ಮಾಡಿದರೆ ‘ಇದನ್ನ ಮೊದಲ ಯಾಕ ಮಾಡಲಿಲ್ಲ’ ಎಂಬ ಪ್ರಶ್ನೆ ಬರುತ್ತಿತ್ತು.

“ಅದು ಆಗೂದಿಲ್ರಿ, ಅಕ್ಕಾರ. ಲಿನಕ್ಸ್ ಇರೂದ ಹಂಗ್ರಿ.”

“ಹಂಗೇನು? ಅದಕ್ಕ ಪುಕ್ಕಟೆ ಕೊಡ್ತಾರ ಬಿಡು,” ಎಂದು ಆಕೆ ನಕ್ಕಳು.

ಮರುದಿನದಿಂದ ಹುಲಿಗೆವ್ವ ನೀರು ಕುಡಿಯುವುದನ್ನು ಬಿಟ್ಟಳು. ಬೆಳಿಗ್ಗೆ ಮನೆಯಲ್ಲಿ ಅರ್ಧ ಲೋಟ ಚಹಾ, ಆಮೇಲೆ ರಾತ್ರಿಯವರೆಗೆ ಬರೀ ಒಣ ರೊಟ್ಟಿ, ಚಟ್ನಿ. ತಗಡಿನ ಮಾಡಿನ ಕೆಳಗೆ ಏಪ್ರಿಲ್ ಬಿಸಿಲು. ಕೆಲವೇ ದಿನಗಳಲ್ಲಿ ಕಿಬ್ಬೊಟ್ಟೆಯಲ್ಲಿ ಉರಿ ಸುರುವಾಯಿತು, ಸಂಜೆಯಾದರೆ ಮೈ ಬಿಸಿಯಾಗುತ್ತಿತ್ತು. ಹನುಮಪ್ಪ ವಿನೋದನನ್ನು ಕಂಡು, “ಸರ, ಆಕಿ ಸಾಯ್ತಾಳ್ರಿ. ಏನರ ಮಾಡ್ರಿ” ಎಂದ. ವಿನೋದ ‘ನೋಡೋಣಂತ’ ಎಂದ. ಅಮರಗೋಳದವರು ಬಂದು ಹೋಗಲಿ, ಆಮೇಲೆ ಸರಿಮಾಡಿದರಾಯಿತೆಂದು ಅವನ ಲೆಕ್ಕ. ಉರಿ ಅವನ ಹೊಟ್ಟೆಯಲ್ಲಿರಲಿಲ್ಲವಲ್ಲ.

ಅಮರಗೋಳದವರು ಬಂದರು. ಅವರ ಹಿರಿಯ ಉಳವಪ್ಪ, ಮೆಣಸಿನಕಾಯಿ ದಲಾಲಿಯ ದೊಡ್ಡ ಕುಳ, ಹೆಗಲ ಮೇಲೆ ಬಿಳಿ ವಲ್ಲಿ. ವಿನೋದ ಇಸ್ತ್ರಿ ಅಂಗಿ ತೊಟ್ಟು ಕೌಂಟರ್‌ನಲ್ಲಿ ನಿಂತು ತೋರಿಸಿದ. ನಂಬರ್ ಹೊಡೆದರೆ ಉತ್ತರ, ಹೊಡೆದರೆ ಉತ್ತರ. “ಭಾರಿ ಐತಲ್ಲೋ! ಇನ್ನೊಂದು ಹೊಡಿ,” ಎಂದು ಅವರು ಮಕ್ಕಳಂತೆ ಖುಷಿಪಟ್ಟರು. ಇನ್ನೊಂದು, ಮತ್ತೊಂದು. ಊಟದ ಹೊತ್ತು ಮೀರಿದರೂ ಆಟ ಮುಗಿಯಲಿಲ್ಲ. ಒಂದು ಉತ್ತರವೂ ತಡವಾಗಲಿಲ್ಲ.

“ಬರ್ರಿ, ಮ್ಯಾಲಿಂದೂ ನೋಡಿಬಿಡ್ರಿ,” ಎಂದು ಅರ್ಜುನಪ್ಪ ಉಬ್ಬಿ ಎಲ್ಲರನ್ನೂ ಗೋದಾಮಿಗೆ ಕರೆದೊಯ್ದ.

ಮೊದಲು ವಾಸನೆ ಬಂತು. ಆಮೇಲೆ ಕುರ್ಚಿಯ ಕೆಳಗಿನ ನೆಲ ಕಂಡಿತು. ಹುಲಿಗೆವ್ವನ ಸೀರೆ ಸೊಂಟದಿಂದ ಕೆಳಗೆ ಒದ್ದೆಯಾಗಿತ್ತು. ಕಣ್ಣು ಪರದೆಯ ಮೇಲೆ, ಬೆರಳು ಬಟನ್ ಮೇಲೆ. ಬಂದವರು ಮೂಗಿಗೆ ಕೈ ಒತ್ತಿದರು.

“ಥೂ, ಏಳಲೇ ಹೊಲಸಿ! ಏಳು!” ಎಂದು ಅರ್ಜುನಪ್ಪ ಚೀರಿದ.

ಇಷ್ಟು ಗಂಡಸರ ಮುಂದೆ ಆ ಸೀರೆಯಲ್ಲಿ ಆಕೆ ಹೇಗೆ ಎದ್ದಾಳು? ತಲೆ ಎತ್ತದೆ ಅಂದಳು: “ಏಳಬ್ಯಾಡ ಅಂದೀರಲ್ರಿ, ಸಾವಕಾರ್ರ.”

ಉಳವಪ್ಪ ಒಬ್ಬನೇ ಹೆಗಲ ವಲ್ಲಿ ತೆಗೆದು ಆಕೆಯ ತೊಡೆಯ ಮೇಲೆ ಹಾಕಿ, ಉಳಿದವರನ್ನು ಮೆಟ್ಟಿಲ ಕಡೆ ತಿರುಗಿಸಿದ. ವಿನೋದ ಎಲ್ಲರಿಗಿಂತ ಮೊದಲು ಇಳಿದಿದ್ದ. ಸಂಜೆಗೆ ಹುಲಿಗೆವ್ವನ ಕೆಲಸ ಹೋಗಿತ್ತು. ಕುರ್ಚಿಯನ್ನು ಹನುಮಪ್ಪನ ಕೈಯಲ್ಲಿ ತೊಳೆಸಿದರು.

ಮಾರನೆಯ ದಿನವೇ ವಿನೋದ “ಸ್ವಲ್ಪ ಕಸಾ ತಗದು ಸ್ವಚ್ಛ ಮಾಡ್ತೇನ್ರಿ” ಎಂದು ಹೇಳಿ ಪ್ರೋಗ್ರಾಮ್ ತೆರೆದ. ಇನ್ನು ಮೇಲೆ ಕೌಂಟರ್ ಉತ್ತರಕ್ಕೆ ಕಾಯುವುದಿಲ್ಲ. ಬಂದ ನಂಬರುಗಳು ಸಾಲಾಗಿ ಕೂತಿರುತ್ತವೆ, ಮೇಲಿನವರು ಬಂದಾಗ ನೋಡುತ್ತಾರೆ. ಹುಡುಗ ತಂದಿಟ್ಟ ಚಹಾ ಆರುವ ಮೊದಲೇ ಕೆಲಸ ಮುಗಿಯಿತು. ಕುರ್ಚಿಗೆ ಲಕ್ಷ್ಮೀ ಎಂಬ ಹೊಸ ಹುಡುಗಿ ಬಂದಳು. ಆಕೆ ನೀರಿಗೆ ಏಳುತ್ತಿದ್ದಳು, ಫೋನ್ ಬಂದರೆ ಏಳುತ್ತಿದ್ದಳು, ಸುಮ್ಮನೆ ಬೇಸರಕ್ಕೂ ಏಳುತ್ತಿದ್ದಳು. ಎದ್ದದ್ದು ಕೆಳಗಿನವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಅರ್ಜುನಪ್ಪ ಬಂದವರಿಗೆಲ್ಲ ಹೇಳತೊಡಗಿದ: “ಆಕಿ ಹೋದ ಮ್ಯಾಲ ಮಷಿನ್ ಒಮ್ಮೆನೂ ನಿಂತಿಲ್ಲ ನೋಡ್ರಿ. ದೋಷ ಇದ್ದದ್ದು ಆಕಿ ಕಡೆನ.” ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಬಜಾರಕ್ಕೆಲ್ಲ ಮಾತು ಹಬ್ಬಿತು. ಹುಲಿಗೆವ್ವ ಯಾವ ಅಂಗಡಿಯ ಮೆಟ್ಟಿಲು ಹತ್ತಿದರೂ ಒಳಗಿನವರು ಮುಸಿಮುಸಿ ನಕ್ಕು ಹೊರಗೆ ಕಳಿಸುತ್ತಿದ್ದರು.

ಮಳೆಗಾಲದ ಹೊತ್ತಿಗೆ ವಿನೋದ ಅಮರಗೋಳದಲ್ಲಿ ಉಳವಪ್ಪನ ಅಂಗಡಿಗೆ ಅದೇ ಪ್ರೋಗ್ರಾಮ್ ಹಚ್ಚುತ್ತಿದ್ದ. ಅಂಗಳದ ತೂಕದ ಕಟ್ಟೆಯಿಂದ ಒಳಗೆ ಲೆಕ್ಕದವರು ಕೂಡುವ ಗಾದಿಗೆ ಸುದ್ದಿ ಹೋಗಬೇಕು. ಒಂದು ಮುಂಜಾನೆ ಹುಲಿಗೆವ್ವ ಬಾಗಿಲ ಹೊರಗೆ ಅವನಿಗಾಗಿ ಕಾದಿದ್ದಳು. ಮೈ ಇಳಿದಿತ್ತು.

“ತಮ್ಮಾ, ಇಲ್ಲಿ ಬಟನ್ ಒತ್ತಾಕ ಮಂದಿ ಬೇಕಂತ. ನೀ ಒಂದು ಮಾತು ಹೇಳಿದ್ರ ಕೆಲಸ ಆಗತೈತಿ. ಇನ್ನ ನಾ ಏಳೂದಿಲ್ಲ ಅಂತ ಹೇಳು. ದವಾಖಾನಿಗೆ ತೋರಿಸೇನಿ, ಈಗ ಆರಾಮ ಐತಿ.”

“ಹೇಳ್ತೇನ್ರಿ, ಅಕ್ಕಾರ. ಇಲ್ಲೇ ನಿಂದ್ರ್ರಿ,” ಎಂದು ಅವನು ಒಳಗೆ ಹೋದ.

ಅವನು ಬಾಯಿ ತೆರೆಯುವ ಮೊದಲೇ ಉಳವಪ್ಪ ಅಂದ: “ಆ ಹೆಣ್ಮಗಳು ನಿನ್ನೇನೂ ಬಂದಿದ್ಳು. ಕೂಡ್ರಿಸಿದ್ರಾತು ಅಂತ ನನ್ನ ಮನಸ್ಸು. ಅಂಥಾದ್ರಾಗೂ ಕೆಲಸ ಬಿಟ್ಟಿಲ್ಲಲ್ಲ ಆಕಿ! ನೀ ಏನಂತಿ?”

‘ಹೂಂ’ ಎಂದರೆ ಸಾಕಿತ್ತು. ವಿನೋದನ ಬಾಯಿಯವರೆಗೆ ಅದು ಬಂದಿತ್ತು ಕೂಡ. ಆಗ ಅವನಿಗೆ ಇನ್ನೊಂದು ಹೊಳೆಯಿತು. ಈಕೆ ಇಲ್ಲಿ ಕೂತರೆ ಎಂದಾದರೊಂದು ದಿನ ಏಳುತ್ತಾಳೆ. ಎದ್ದರೆ ಮಷಿನ್ ನಿಲ್ಲುವುದಿಲ್ಲ. ಅದೇ ಮಷಿನ್, ಅದೇ ಲಿನಕ್ಸ್. ನಿಲ್ಲದ ಮಷಿನ್ ನೋಡುತ್ತ ಆಕೆ ಯೋಚಿಸುತ್ತಾಳೆ, ಆಮೇಲೆ ಉಳವಪ್ಪನ ಎದುರೇ ‘ಹಂಗಾದ್ರ ಅಲ್ಲಿ ಯಾಕ ನಿಂತಿತ್ತು’ ಎಂದು ಕೇಳುತ್ತಾಳೆ. ತಾನು ಬರೆದದ್ದು ಎಲ್ಲೆಲ್ಲಿ ನಡೆಯುತ್ತದೋ ಅಲ್ಲೆಲ್ಲ ಈಕೆ ಕೂಡಬಾರದು.

“ಬ್ಯಾಡ್ರಿ, ಕಾಕಾ,” ಎಂದ. “ಪಾಪ ಅನಸತೈತಿ ಖರೇ. ಆದ್ರ ಆಕಿಗೆ ಕುಂದ್ರಾಕ ಆಗೂದಿಲ್ರಿ. ಅವತ್ತ ನೀವ ನೋಡೀರಲ್ಲ. ನಿಮ್ಮ ಗಾದಿ ಮ್ಯಾಲೆ, ದೇವರ ಫೋಟೋದ ಮುಂದ ಹಂಗ ಆದ್ರ?”

ಉಳವಪ್ಪ ಗೋಡೆಯ ಮೇಲಿನ ಬಸವಣ್ಣನ ಫೋಟೋ ನೋಡಿದ, ಹಾಸಿದ ಬಿಳಿ ಗಾದಿ ನೋಡಿದ. “ಅದೂ ಖರೇನ ಬಿಡು,” ಎಂದ.

ವಿನೋದ ಹೊರಗೆ ಬಂದಾಗ ಹುಲಿಗೆವ್ವ ಕಾಲು ಬದಲಿಸುತ್ತ ಅಲ್ಲೇ ನಿಂತಿದ್ದಳು.

“ಹೇಳೇನ್ರಿ, ಅಕ್ಕಾರ. ಅವರ ಒಪ್ಪಲಿಲ್ಲ.”

ಆಕೆ ಅವನ ಕೈ ಹಿಡಿದು ಅಂದಳು: “ಇರಲಿ ಬಿಡು ತಮ್ಮಾ, ನೀನರ ಏನ್ ಮಾಡ್ತಿ. ಇಷ್ಟು ಮಂದ್ಯಾಗ ನನ್ನ ಸಲುವಾಗಿ ಒಂದು ಮಾತು ಆಡಿದಾಂವ ನೀ ಒಬ್ಬನ.”