ಕಣ್ಣು ತೆರೆದ ಹೊಳೆಪ್ಪ

೨೦೧೨ರ ಅಕ್ಟೋಬರ್ ೧೪, ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಯಮನೂರ ಹೊಸ ಗೊಂಬೆಗೆ ಕಣ್ಣು ಕೊರೆದ. ಹೆಂಡತಿ ಫಕೀರವ್ವನಿಗೆ ಹೇಳಲಿಲ್ಲ. ಅವಳು ಆಗ ನಲ್ಲಿಯ ಸಾಲಿನಲ್ಲಿದ್ದಳು.

ಅವರ ಮನೆತನದಲ್ಲಿ ತೊಗಲುಗೊಂಬೆಗೆ ಕಣ್ಣನ್ನು ಕೊನೆಯಲ್ಲಿ, ಮನೆಯವರೆಲ್ಲ ಕೂತಿರುವಾಗ ಕೊರೆಯುತ್ತಾರೆ. ಕಣ್ಣು ತೆರೆದ ಗೊಂಬೆಯನ್ನು ಅದೇ ದಿನ ಮಾತಾಡಿಸಬೇಕು. ಮೂಕವಾಗಿ ಪೆಟ್ಟಿಗೆಗೆ ಹಾಕುವಂತಿಲ್ಲ. ಆಡಿಸುವವನು ಗಂಡ, ದನಿ ಕೊಡುವವಳು ಹೆಂಡತಿ.

ಯಮನೂರನಿಗೆ ನಲವತ್ತೆರಡು. ೨೦೦೧ರಲ್ಲಿ ಗದಗ ಕಡೆಯಿಂದ ಗೋವಾಕ್ಕೆ ಬಂದವನು. ವಾರಕ್ಕೆ ಆರು ದಿನ ಕುಂಡಯಿಯ ಕಾರ್ಖಾನೆಯೊಂದರಲ್ಲಿ ಪೈಪು ಕತ್ತರಿಸುತ್ತಿದ್ದ. ಉಳಿದ ಹೊತ್ತಿನಲ್ಲಿ ಕವಿತೆ ಬರೆಯುತ್ತಿದ್ದ, ಗುಜರಿಯಿಂದ ವಾದ್ಯ ಮಾಡುತ್ತಿದ್ದ, ಗೊಂಬೆ ಆಡಿಸುತ್ತಿದ್ದ. ರಾಮಾಯಣ ಬಿಟ್ಟು ಆರು ವರ್ಷವಾಗಿತ್ತು. ಕಥೆಯಿಲ್ಲದ ಆಟ ಮಾಡಿದ, ಪರದೆಯಿಲ್ಲದ ಆಟ ಮಾಡಿದ, ಒಮ್ಮೆ ಗೊಂಬೆಯೇ ಇಲ್ಲದೆ ಬರೀ ಕೋಲುಗಳ ನೆರಳು ತೋರಿಸಿದ. ಯಾವುದೂ ಎರಡು ಸಲಕ್ಕಿಂತ ಹೆಚ್ಚು ನಡೆಯಲಿಲ್ಲ. ಮೂರನೆಯ ಸಲಕ್ಕೆ ಅವನಿಗೇ ಬೇಸರ.

ಹೊಸ ಆಟದ ಹೆಸರು ‘ಹಾರ್ನ್’. ಮೂವತ್ತು ಸಾಲಿನ ಕವಿತೆ, ಒಂದರಲ್ಲೂ ಕ್ರಿಯಾಪದವಿಲ್ಲ. ಗೊಂಬೆ ಹೊಳೆಪ್ಪನದು. ಹೊಳೆಪ್ಪ ಫಕೀರವ್ವನ ತಮ್ಮ, ಅದಿರಿನ ಟ್ರಕ್ಕಿನ ಡ್ರೈವರ್. ೨೦೦೯ರ ಒಂದು ಮಧ್ಯಾಹ್ನ ಸಾವರ್ಡೆಯ ಹತ್ತಿರ ತಿರುವೊಂದರಲ್ಲಿ ಎದುರಿನ ಟ್ರಕ್ಕಿಗೆ ಬಡಿದು ಸತ್ತಿದ್ದ.

ಫಕೀರವ್ವ ಕೊಡ ಇಳಿಸಿ ಗೊಂಬೆ ನೋಡಿದಳು.

“ಕಿವಿ ಮ್ಯಾಲ ಬೀಡಿ. ಇಂವ ನಮ್ಮ ಹೊಳ್ಯಾ ಅಲ್ಲೇನ್ರಿ?”

“ಹೌದು.”

“ಯಾರನ್ನ ಕೇಳಿ ಕಣ್ಣು ತೆಗದ್ರಿ?”

“ಕೇಳಿದ್ರ ಬ್ಯಾಡ ಅಂತಿದ್ದಿ.”

“ಅಂತಿದ್ದೆ. ಅದಕ್ಕ ಕೇಳಬೇಕಿತ್ತು.”

“ಈಗ ಮಾತಾಡಸಲಿಲ್ಲಂದ್ರ...”

“ಪದ್ಧತಿ ನನಗ ಹೇಳಬ್ಯಾಡ್ರಿ. ರಾಮನ್ನ ಬಿಟ್ಟವರಿಗೆ ಪದ್ಧತಿ ಇವತ್ತ ನೆನಪಾತೇನು?”

ಕವಿತೆಯ ಹಾಳೆಯನ್ನು ಅವಳು ಒಮ್ಮೆ ಓದಿದಳು. “ದನಿ ಕೊಡತೇನಿ,” ಎಂದಳು.

ಆ ದಿನ ಯಮನೂರ ಒಂದು ಕಡೆ ಕೂರಲಿಲ್ಲ. ಹನ್ನೊಂದನೆಯ ಸಾಲನ್ನು ನಾಲ್ಕು ಸಲ ಬದಲಿಸಿ ಮೊದಲಿನಂತೆಯೇ ಬರೆದ. ಆಟದ ಬಯಲಿಗೆ ಮೂರು ಸಲ ಹೋಗಿಬಂದ. ಮೂವತ್ತು ಸಾಲನ್ನೂ ಬರೆದಂತೆಯೇ ಅವಳು ಹಾಡಬೇಕು. ಬೇರೆ ಯಾರ ದನಿಯಲ್ಲೂ ಅದು ನಿಲ್ಲುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಸಂಜೆ ಏಳಕ್ಕೆ ಆಟ. ಸರಕಾರದ ಆದೇಶದಿಂದ ಗೋವಾದ ಗಣಿಗಳು ನಿಂತು ತಿಂಗಳಾಗಿತ್ತು. ಕೆಲಸವಿಲ್ಲದೆ ನಿಂತ ಎರಡು ಟ್ರಕ್ಕುಗಳ ನಡುವೆ ಪರದೆ ಕಟ್ಟಿದ್ದರು. ಎಂಬತ್ತರಷ್ಟು ಜನ, ಹೆಚ್ಚಿನವರು ಡ್ರೈವರುಗಳು. ಯಮನೂರ ಕಾಲಿಗೆ ಕಟ್ಟಿಕೊಂಡ ಪಾನಾದಿಂದ, ಅಂದರೆ ನಟ್ಟು ತಿರುಗಿಸುವ ಸ್ಪ್ಯಾನರಿನಿಂದ, ಗುಜರಿಯಿಂದ ತಂದ ಟ್ರಕ್ಕಿನ ಕಮಾನು ಪಟ್ಟಿಗೆ ಬಡಿದ. ಆಟದಲ್ಲಿ ಅದೇ ಹಾರ್ನಿನ ಸದ್ದು. ಗೊಂಬೆಯನ್ನು ಪರದೆಗೆ ತಂದು ದನಿಗಾಗಿ ಕಾದ.

“ಮಾಂವಾ,” ಎಂದಿತು ಗೊಂಬೆ, ಫಕೀರವ್ವನ ದನಿಯಲ್ಲಿ. ಇದು ಕವಿತೆಯಲ್ಲಿರಲಿಲ್ಲ. “ಬದುಕಿದ್ದಾಗ ನಾ ಹಾಡಿದ್ರ ‘ಬಾಯಿ ಮುಚ್ಚಲೇ, ಎಮ್ಮಿ ಬೆದರತಾವು’ ಅಂತಿದ್ದಿ. ಈಗ ನೀನ ನನ್ನನ್ನ ಹಾಡಾಕ ಹಚ್ಚೀಯೇನು?”

ಡ್ರೈವರುಗಳು ನಕ್ಕರು. ಯಮನೂರ ಮತ್ತೆ ಪಟ್ಟಿ ಬಡಿದ.

“ನಿಲ್ಲಸು ಮಾಂವಾ. ಯಾರದಿದು ಹಾರ್ನು? ನನ್ನ ಗಾಡಿ ಹಾರ್ನು ಮೂರು ದಿನದಿಂದ ಕೆಟ್ಟಿತ್ತು. ಮಾಲಕಗ ಹೇಳಿದ್ದೆ. ‘ಲೈಟ್ ಹೊಡಿ, ಸಾಕು’ ಅಂದ. ಮಟಮಟ ಮಧ್ಯಾಹ್ನದಾಗ ಲೈಟು!”

ನಗು ನಿಂತಿತು. ಮುಂದೆ ಕೂತಿದ್ದ ಡ್ರೈವರ್ ರಾಜಮಹ್ಮದ, “ಖರೇ ಐತಿ. ನನ್ನ ಮುಂದನೂ ಹೇಳಿದ್ದ,” ಎಂದ.

ಯಮನೂರನಿಗೆ ಇದು ಗೊತ್ತಿರಲಿಲ್ಲ. ಅವನು ಪಟ್ಟಿಯಿಂದ ಕಾಲು ಹಿಂದಕ್ಕೆ ತೆಗೆದ. ದನಿ ಸಾಗಿದಂತೆ ಗೊಂಬೆಯ ಕೈ ಎತ್ತಿದ, ಇಳಿಸಿದ. ಫಕೀರವ್ವ ಹನ್ನೊಂದು ನಿಮಿಷ ಮಾತಾಡಿದಳು. ಮೂವತ್ತರಲ್ಲಿ ಒಂದು ಸಾಲನ್ನೂ ಹೇಳಲಿಲ್ಲ.

ಪರದೆ ಬಿಚ್ಚುವಾಗ ಅವನು ಕೇಳಿದ: “ಇದನ್ನ ಬರಕೋತೇನಿ. ಮುಂದ ಸಾಂಖಳಿ ಊರಿನ ಆಟದಾಗ ಮತ್ತ ಹಿಂಗ ಹೇಳತೀಯೇನು?”

“ನಾ ಎಲ್ಲಿ ಹೇಳೇನ್ರಿ? ಅಂವ ಹೇಳ್ಯಾನ. ಅವನ ಮಾತು ಮುಗೀತು.”

ಮಾತು ಮುಗಿದ ಗೊಂಬೆಯನ್ನು ಅವರಲ್ಲಿ ಇಟ್ಟುಕೊಳ್ಳುವುದಿಲ್ಲ, ಹರಿಯುವ ನೀರಿಗೆ ಬಿಡುತ್ತಾರೆ. ಸೋಮವಾರ ಬೆಳಿಗ್ಗೆ ಏಳಕ್ಕೆ ಫಕೀರವ್ವ ಗೊಂಬೆಯನ್ನು ಜುವಾರಿ ನದಿಗೆ ಬಿಟ್ಟಳು. ಯಮನೂರ ಅಂದು ಕುಂಡಯಿಗೆ ಹೋಗದೆ ದಂಡೆಯ ಮೇಲೆ ನಿಂತಿದ್ದ.