ಕೆಂಪು ದಾರದ ಸೌತೆಕಾಯಿ

ಹೊಲಿಗೆಯವಳ ಹಿತ್ತಲಲ್ಲಿ ಮೂರು ಸೌತೆ ಬಳ್ಳಿಗಳು ಚಪ್ಪರ ತುಂಬಾ ಹಬ್ಬಿದ್ದವು. ಹೂವು ಬೇಕಾದಷ್ಟು. ಕಾಯಿ ಮಾತ್ರ ಒಂದೂ ಇಲ್ಲ. ಕೆಲವು ಹೂವಿನ ಹಿಂದೆ ಉಗುರಿನುದ್ದದ ಪುಟ್ಟ ಕಾಯಿ ಕಾಣಿಸುವುದು, ಮೂರು ದಿನಕ್ಕೆ ಹಳದಿಗಟ್ಟಿ ಉದುರುವುದು. ಯಾಕೆಂದು ಅವಳಿಗೆ ತಿಳಿಯದು.

ಅವು ಅಂತಿಂಥ ಬಳ್ಳಿಗಳಲ್ಲ. ಅತ್ತೆ ಮದುವೆಯಾಗಿ ಬರುವಾಗ ತಂದ ನಾಟಿ ತಳಿ. ಕಾಯಿ ಗಿಡ್ಡ, ಮೈಯೆಲ್ಲ ಗುಳ್ಳೆ. ಆದರೆ ಉಪ್ಪುನೀರಿನ ಜಾಡಿಯಲ್ಲಿ ತಿಂಗಳುಗಟ್ಟಲೆ ಇದ್ದರೂ ಕಡಿದರೆ ಕರುಂ ಎನ್ನುತ್ತಿತ್ತು. ಕಳೆದ ವರ್ಷ ಆ ರುಚಿಗೆ ಬಿದ್ದು ಎಲ್ಲವನ್ನೂ ಎಳೆಯದರಲ್ಲೇ ಕೊಯ್ದು ಜಾಡಿಗೆ ತುಂಬಿದ್ದರು. ಬೀಜಕ್ಕೆಂದು ಒಂದನ್ನೂ ಬಿಟ್ಟಿರಲಿಲ್ಲ. ಗುಂಡಿಗಳ ಡಬ್ಬಿಯ ತಳದಲ್ಲಿ ಸಿಕ್ಕಿದ್ದು ಐದೇ ಬೀಜ, ಮೊಳೆತದ್ದು ಮೂರು. ಇವೂ ಕೈಕೊಟ್ಟರೆ ಆ ತಳಿಯ ಕಥೆ ಮುಗಿದಂತೆ.

"ಹೋಗ್ಲಿ ಬಿಡು, ಅಂಗಡೀಲಿ ಬೀಜದ ಪೊಟ್ಟಣ ಸಿಗುತ್ತಲ್ಲ" ಎಂದರು ಅತ್ತೆ. ಹೇಳುತ್ತಲೇ ಖಾಲಿ ಜಾಡಿಯನ್ನು ಮೂರನೇ ಸಲ ಒರೆಸುತ್ತಿದ್ದರು.

ಮನೆಮನೆಗೆ ಕಾಗದ ಹಂಚುತ್ತಾ ಎಲ್ಲರ ಹಿತ್ತಲನ್ನೂ ಬಲ್ಲ ಅಂಚೆಯಕ್ಕ ಅಂದು ಸೈಕಲ್ ಒರಗಿಸಿ ಒಳಬಂದಳು. ಬಳ್ಳಿಯ ಬುಡದಲ್ಲಿ ಬಾಡಿದ ಹೂವಿನ ರಾಶಿ ಕಂಡು ನಿಂತುಬಿಟ್ಟಳು.

"ಇದ್ಯಾರೇ ಕತ್ತರಿಸಿದ್ದು?"

"ನಾನೇ ಅಕ್ಕಾ. ಇವೆಲ್ಲ ಸುಳ್ಳು ಹೂವು, ಹಿಂದೆ ಕಾಯೇ ಇರಲ್ಲ. ಸುಮ್ನೆ ಬಳ್ಳಿ ಸತ್ವ ತಿನ್ನುತ್ವೆ ಅಂತ ದಿನಾ ಬೆಳಿಗ್ಗೆ ಕತ್ತರಿಸ್ತೀನಿ, ರವಿಕೆ ಹೊಲಿದ ಮೇಲೆ ದಾರದ ತುದಿ ಕತ್ತರಿಸ್ತೀನಲ್ಲ, ಹಾಗೆ."

"ಅಯ್ಯೋ ಪುಣ್ಯಾತ್ಗಿತ್ತೀ! ಅವು ಗಂಡು ಹೂವು. ಅದರ ಹಳದಿ ಪುಡಿ ಜೇನುಹುಳದ ಕಾಲಿಗೆ ಅಂಟಿ ಹೆಣ್ಣು ಹೂವಿಗೆ ಬಂದ್ರೇನೇ ಕಾಯಿ ನಿಲ್ಲೋದು. ಗಂಡನ್ನೆಲ್ಲ ಕತ್ತರಿಸಿ ಹಾಕಿ, ಕಾಯೆಲ್ಲಿ ಅಂತೀಯಲ್ಲ!"

ಅತ್ತೆ ನಕ್ಕರು. "ಈ ವಯಸ್ಸಿಗೆ ಇದೊಂದು ಕೇಳೋದಿತ್ತು. ಇನ್ನು ಸೌತೆಗೆ ಮದುವೆ ಕಾಗದ ಹಂಚೋದೊಂದು ಬಾಕಿ."

"ಅದನ್ನೂ ನಾನೇ ಹಂಚ್ತೀನಿ ಬಿಡಿ ಅಮ್ಮಾ. ಆದ್ರೆ ಪಕ್ಕದ ಮನೇಲಿ ಬೇರೆ ತಳಿ ಸೌತೆ ಹಬ್ಬಿದೆ, ಇನ್ನೇನು ಹೂ ಬಿಡುತ್ತೆ. ಹುಳಕ್ಕೆ ಬೇಲಿ ಗೊತ್ತಾಗುತ್ತಾ? ಅಲ್ಲಿ ಪುಡಿ ಇಲ್ಲಿಗೆ ತರುತ್ತೆ. ತಿನ್ನೋ ಕಾಯಿಗೆ ಏನೂ ಆಗಲ್ಲ. ಆದ್ರೆ ಅದರ ಬೀಜ ಬಿತ್ತಿದ್ರೆ ಮುಂದಿನ ವರ್ಷ ನಿಮ್ಮ ಸೌತೆ ಬರಲ್ಲ."

"ಹಾಗಾದ್ರೆ ಏನು ಮಾಡೋದು?" ಹೊಲಿಗೆಯವಳಿಗೆ ಕುತೂಹಲ ತಡೆಯಲಾಗಲಿಲ್ಲ.

"ನಿನ್ನ ಹತ್ರ ದಾರ ಇಲ್ವಾ?"

ಅದಾದ ಮೇಲೆ ಕತ್ತರಿ ಹಿತ್ತಲಿಗೆ ಬರಲಿಲ್ಲ. ಐದಾರು ದಿನದಲ್ಲಿ ಹೊಸ ಮೊಗ್ಗುಗಳು ಬಂದವು. ಮರುದಿನ ಅರಳಲಿದ್ದ ಒಂದು ಗಂಡು ಮೊಗ್ಗು, ಇನ್ನೊಂದು ಬಳ್ಳಿಯ ಒಂದು ಹೆಣ್ಣು ಮೊಗ್ಗು, ಎರಡರ ಬಾಯಿಗೂ ಹುಳ ಒಳಹೋಗದಂತೆ ಸಂಜೆ ಕೆಂಪು ದಾರ ಸುತ್ತಿದಳು. ಬೆಳಿಗ್ಗೆ ಎದ್ದು ಬಂದರೆ ಅತ್ತೆ ಕನ್ನಡಕ ಹಾಕಿಕೊಂಡು ಆಗಲೇ ಅಲ್ಲಿದ್ದರು!

"ನಿಧಾನ ಕಣೇ, ದಳ ಹರಿದೀತು" ಎಂದರು. ದಾರ ಬಿಚ್ಚಿ, ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿನ ನಡುವೆ ಸವರಿ, ಹೆಣ್ಣು ಹೂವಿನ ಬಾಯನ್ನು ಮತ್ತೆ ಕಟ್ಟಿದರು. ತೊಟ್ಟಿಗೆ ಗುರುತಿನ ದಾರ ಬೇರೆ.

ನಾಲ್ಕನೇ ದಿನ ಆ ಕಾಯಿ ಹಳದಿಯಾಗಲಿಲ್ಲ. ಹೆಬ್ಬೆರಳಷ್ಟು ಉಬ್ಬಿತ್ತು.

"ನಿಂತಿದೆ ಕಣೇ!" ಅತ್ತೆಯ ಕೂಗಿಗೆ ಪಕ್ಕದ ಮನೆಯವರು ಇಣುಕಿದರು.

ಎರಡು ಬಳ್ಳಿಯ ಎಳೆಕಾಯಿಗಳು ಜಾಡಿಗೆ ಹೋದವು. ದಾರದ ಕಾಯಿಯಿದ್ದ ಬಳ್ಳಿಯಲ್ಲಿ ಅದೊಂದನ್ನೇ ಬೀಜಕ್ಕೆ ಬಿಟ್ಟರು. ಹೊಲಿಗೆಯವಳ ಗಂಡ ಒಮ್ಮೆ ಅದಕ್ಕೆ ಕೈ ಹಾಕಿದ. "ಮುಟ್ಟೀಯ ಜೋಕೆ!" ಎಂದು ಗದರಿದ್ದು ಅವನ ತಾಯಿಯೇ.

ಕಾಯಿ ಹಣ್ಣಾಗಿ ಕಂದು ಬಣ್ಣಕ್ಕೆ ತಿರುಗಿತು. ಕಿತ್ತು ಎರಡು ವಾರ ನೆರಳಲ್ಲಿಟ್ಟು, ಬೀಜವನ್ನು ಲೋಳೆ ಸಮೇತ ನೀರಲ್ಲಿ ಮೂರು ದಿನ ನೆನೆಸಿದರು. ತೇಲಿದ್ದು ಜೊಳ್ಳು, ಮುಳುಗಿದ್ದು ಗಟ್ಟಿ ಬೀಜ. ತೊಳೆದು ನೆರಳಲ್ಲಿ ಒಣಗಿಸಿದಾಗ ಗುಂಡಿಗಳಿಗೆ ಬೇರೆ ಡಬ್ಬಿ ಹುಡುಕಬೇಕಾಯಿತು.

ಅತ್ತೆ ಒಂದು ಹಿಡಿ ಬೀಜವನ್ನು ಚಿಂದಿ ಬಟ್ಟೆಯಲ್ಲಿ ಕಟ್ಟಿ ಅಂಚೆಯಕ್ಕನ ಕೈಗಿಟ್ಟರು. "ಹಂಚ್ತೀನಿ ಅಂದಿದ್ಯಲ್ಲ, ಹಂಚು. ನಮ್ಮನೇದು ಹೋದ್ರೂ ಇನ್ನೊಬ್ಬರ ಮನೇಲಿ ಸಿಗಲಿ."

ನಿಮ್ಮ ಮನೆಯ ಹಳೇ ಡಬ್ಬಿಯಲ್ಲೂ ನಾಲ್ಕು ನಾಟಿ ಬೀಜಗಳು ಇರಬಹುದು. ಇವತ್ತೇ ತೆಗೆದು ನೋಡಿ. ಈ ಸಲ ಬಿತ್ತಿ. ಗಂಡು ಹೂವನ್ನು ಕೀಳಬೇಡಿ. ಜಾಡಿ ತುಂಬುವ ಮೊದಲು ಒಂದು ಕಾಯಿಗೆ ದಾರ ಕಟ್ಟಿ, ಅದನ್ನು ಹಣ್ಣಾಗಲು ಬಿಡಿ.