ಕಾಶವ್ವನವರ ಬಲಗೈ

ಹಿಂದವಾಡಿಯ ಕಾಶವ್ವನವರ ಬಲಗೈ ಅವರ ಮಾತು ಕೇಳುತ್ತಿರಲಿಲ್ಲ. ಮಾತಿನ ಭರದಲ್ಲಿ ಅವರು ಲೋಕವನ್ನೇ ಮರೆತಿರುವಾಗ ಅದು ತನ್ನ ಪಾಡಿಗೆ ತಾನು ಸೆರಗು ಸರಿಪಡಿಸುತ್ತಿತ್ತು, ಮೇಜಿನ ಮೇಲಿಲ್ಲದ ಧೂಳು ಒರೆಸುತ್ತಿತ್ತು, ಬೇಡ ಬೇಡವೆಂದರೂ ನನ್ನ ತಟ್ಟೆಗೆ ಚೂಡಾ ಸುರಿಯುತ್ತಿತ್ತು. ಎತ್ತರದ ನಿಲುವು, ನಿವೃತ್ತ ಶಿಕ್ಷಕಿಯ ದರ್ಪ, ಮಾತಿಗೊಮ್ಮೆ "ಖರೇ ಹೇಳತೇನಿ" ಎನ್ನುವ ಚಾಳಿ. ಕೊರಳಲ್ಲಿ ಶಿವದಾರ, ಅದಕ್ಕೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಬಸವಣ್ಣನ ಹಾದಿಯವರಿಗೆ ಮೇಲು ಕೀಳು ಎಲ್ಲಿಯದು ಎಂದು ಅವರು ಗುಡುಗಿದರೆ ಇಡೀ ಓಣಿ ತಲೆಯಾಡಿಸುತ್ತಿತ್ತು.

ಪ್ರಮಿಳಾ ಖಾನಾಪುರದ ಕಡೆಯ ಸಿದ್ದಿ ಹುಡುಗಿ. ತಲೆಮಾರುಗಳ ಹಿಂದೆ ಆಫ್ರಿಕದಿಂದ ಬಂದು ಅಲ್ಲಿಯ ಕಾಡಂಚಿನಲ್ಲಿ ನೆಲೆನಿಂತವರ ಮಗಳು, ಊರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳ ಬಣ್ಣ, ಗುಂಗುರು ಕೂದಲು ಕಂಡು ಟಿಳಕವಾಡಿಯಲ್ಲಿ ಖಾಲಿಯಿದ್ದ ಕೋಣೆಗಳೆಲ್ಲ ಇದ್ದಕ್ಕಿದ್ದಂತೆ ಭರ್ತಿಯಾಗಿದ್ದವು. ಕಾಶವ್ವನವರು ಮಾತ್ರ "ಬಾರವ್ವಾ" ಎಂದು ಮಹಡಿಯ ಕೋಣೆ ಕೊಟ್ಟರು.

ಒಂದು ರವಿವಾರ ನಾನು ಚಹಾಕ್ಕೆ ಹೋಗಿದ್ದಾಗ ಪ್ರಮಿಳಾ ಬ್ಯಾಗು ಹಿಡಿದು ಕೆಳಗಿಳಿದಳು.

"ಆಯಿ, ನಾ ಬಂದಾಗಷ್ಟ ನಿಮ್ಮ ಕೈ ಕರಡಗಿ ಮುಚ್ಚತೈತಿ. ನಾ ಬ್ಯಾರೆ ಕಡೆ ಕೋಲಿ ನೋಡ್ಕೋತೇನ್ರಿ."

"ಹುಚ್ಚಿ! ನಾ ಹಂಗ ಮಾಡಾಕಿ ಏನ? ಸುಳ್ಳ ಹೇಳಬ್ಯಾಡ!"

ಕಾಶವ್ವನವರಿಗೆ ಸಿಟ್ಟು ನೆತ್ತಿಗೇರಿತು. ನನ್ನನ್ನು ಸಾಕ್ಷಿಗೆ ಕೂರಿಸಿ, ಯಾರು ಬಂದರೆಂದು ಕಾಣದಂತೆ ತಾವು ಗೋಡೆಗೆ ಮುಖ ಮಾಡಿ, ಕೈಗಳನ್ನು ತೊಡೆಯ ಮೇಲಿಟ್ಟರು. ಪ್ರಮಿಳಾ ಅಂಗಳಕ್ಕೆ ಹೋದಳು. ಹಾಲಿನ ರೇಣವ್ವ ಒಳಬಂದು ಪಾತ್ರೆ ಇಟ್ಟು ಹೋದಳು, ಕೈ ಅಲುಗಲಿಲ್ಲ. ನೆರೆಯ ಕಾಂತಾ ಮರಾಠಿಯಲ್ಲಿ ಹರಟುತ್ತ ಬಂದು ಹೋದಳು, ಅಲುಗಲಿಲ್ಲ. ಆಮೇಲೆ ಎಲ್ಲ ಸ್ತಬ್ಧ. ಹೆಜ್ಜೆಯ ಸದ್ದಿರಲಿಲ್ಲ, ಗೋಡೆಯ ಮೇಲೆ ನೆರಳು ಬೀಳಲಿಲ್ಲ. ಬರಿಗಾಲಲ್ಲಿ ಬಂದ ಪ್ರಮಿಳಾ ಹೊಸ್ತಿಲಲ್ಲಿ ನಿಂತದ್ದು ನನಗಷ್ಟೇ ಕಂಡಿತು. ಬಲಗೈ ಮೆಲ್ಲಗೆ, ನಿದ್ದೆಯಲ್ಲಿ ಎದ್ದವರಂತೆ ಮೇಲೆದ್ದು, ಕರಡಿಗೆಯನ್ನು ಮುಚ್ಚಿಕೊಂಡಿತು. ಶಿವಾ!

ಕಾಶವ್ವನವರು ತಲೆತಗ್ಗಿಸಿ ಕೈಯನ್ನು ನೋಡಿದರು.

"ನಮ್ಮವ್ವ ಹಿಂಗ ಮುಚ್ಚತಿದ್ಲು," ಎಂದರು, ಸಣ್ಣ ದನಿಯಲ್ಲಿ. "ಕೆಲವು ಮಂದಿ ಬಂದ್ರ, ಲಿಂಗದ ಮ್ಯಾಲೆ ಅವರ ಕಣ್ಣ ಬೀಳಬಾರದಂತ. ಇದು ಆಕಿ ಕೈ."

"ಕೈಗೆ ನಾ ಅಂಜಂಗಿಲ್ರಿ," ಎಂದಳು ಪ್ರಮಿಳಾ. "ಬಸ್ಸಿನ್ಯಾಗ ನನ್ನ ಬಾಜು ಸೀಟು ಖಾಲಿನ ಇರತೈತಿ, ಅದೂ ರೂಢಿ ಆಗೇತಿ. ನೀವು ಇಲ್ಲ ಅಂದು ನನ್ನ ಸುಳ್ಳಿ ಮಾಡಿದ್ರಲ್ಲ, ಅದಕ್ಕ ಅಂಜಿಕಿ ಬಂತು."

"ಹೋಗಬ್ಯಾಡವ್ವಾ. ಅದು ಎದ್ದಾಗೆಲ್ಲಾ ನನಗ ಹೇಳು."

"ನಾ ಯಾಕ ಹೇಳಲಿ? ನೀವ ನೋಡ್ಕೋರಿ. ನೋಡ್ಕೊಂಡ್ರ ಇರತೇನಿ."

ಅವಳು ಇದ್ದಾಳೆ. ಅವಳು ಬಂದಾಗ ಕೈ ಈಗಲೂ ಏಳುತ್ತದೆ. ಬೀಗರ ಮುಂದಾಗಲಿ ಸ್ವಾಮಿಗಳ ಮುಂದಾಗಲಿ, ಕಾಶವ್ವನವರು "ಎದ್ದಿತು ನೋಡ್ರಿ" ಎಂದು ಗಟ್ಟಿಯಾಗಿ ಹೇಳಿ, ಎಡಗೈಯಿಂದ ಅದನ್ನು ಕೆಳಗೆಳೆದು ಕೂರಿಸುತ್ತಾರೆ. ಬಂದವರು ಗಾಬರಿಯಾಗಿ ಬೇಗನೆ ಏಳುತ್ತಾರೆ. ಆಮೇಲೆ ಕಾಶವ್ವನವರು, ಪ್ರಮಿಳಾ ಇಬ್ಬರೂ ಮಾತಿಗೆ ಕೂರುತ್ತಾರೆ, ಕೆಲವೊಮ್ಮೆ ಜಗಳವೂ ಆಗುತ್ತದೆ.

ತಮ್ಮ ಮನಸ್ಸು ನಿರ್ಮಲವೆಂದು ಆಣೆಯಿಡುವ ಸಜ್ಜನರಿಗೆ ನಮ್ಮಲ್ಲಿ ಬರವಿಲ್ಲ. ಅಂಥವರ ಮನೆಗಳಲ್ಲಿ ಸತ್ತವರು ನಿಶ್ಚಿಂತೆಯಿಂದ ಓಡಾಡಿಕೊಂಡಿರುತ್ತಾರೆ. ತಮ್ಮೊಳಗೆ ಇನ್ನಾರೋ ಇದ್ದಾರೆಂದು ಒಪ್ಪಿ, ಕಣ್ಣು ಮಿಟುಕಿಸದೆ ಅವರನ್ನು ಕಾಯುತ್ತ ಕೂತವರು ಬೇರೆಯೇ ಜಾತಿಯ ಮನುಷ್ಯರು. ಅವರ ಎದುರು ಕೂರಲು ಭಯವಾಗುತ್ತದೆ. ಆದರೆ ಅವರ ಮನೆಯಲ್ಲಿ ಬಾಡಿಗೆಗೆ ಇರಬಹುದು.